ಮೇಷ್ಟ್ರ ಹೀಮೋಗ್ಲೋಬಿನ್ ವಿಡಿಯೊ: ಕ್ಯಾಮೆರಾ ಎಲ್ಲಿ ನಿಲ್ಲಿಸಬೇಕು?

ಮೇಷ್ಟ್ರೇ, ನಮಸ್ಕಾರ. ರಕ್ತದಲ್ಲಿ ಆಕ್ಸಿಜನ್ ಹೊರುವ ಹೀಮೋಗ್ಲೋಬಿನ್ ಅಣುವಿನ ಬಗ್ಗೆ ನೀವು ಮಾಡಿದ 40 ಸೆಕೆಂಡಿನ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ಮಾಡೆಲ್ಲೂ ಬಣ್ಣವೂ ಚೆನ್ನಾಗಿವೆ. ಮದ್ದೂರಿನ ನಿಮ್ಮ ಶಾಲೆಯಲ್ಲಿ ತೋರಿಸಿದಾಗ ಮಕ್ಕಳು ಚಪ್ಪಾಳೆ ಹೊಡೆದರು, ಆದರೆ ಆಕ್ಸಿಜನ್ ಎಲ್ಲಿ ಕೂತಿತು ಅಂತ ಕೇಳಿದರೆ ಒಬ್ಬರೂ ಹೇಳಲಿಲ್ಲ ಅಂತ ಬರೆದಿದ್ದೀರಿ. ಮಕ್ಕಳ ತಪ್ಪಿಲ್ಲ. ನಿಮ್ಮ ಕ್ಯಾಮೆರಾ ಮೊದಲಿಂದ ಕೊನೆವರೆಗೆ ನಾಲ್ಕು ಸುತ್ತು ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ 36 ಡಿಗ್ರಿ.

ಈಗ ಅಣುವಿನ ಲೆಕ್ಕ ನೋಡಿ. ಅದರಲ್ಲಿ ನಾಲ್ಕು ಪ್ರೋಟೀನ್ ಸರಪಳಿ, ಎರಡು ಆಲ್ಫಾ, ಎರಡು ಬೀಟಾ. ಪ್ರತಿಯೊಂದರಲ್ಲೂ ಒಂದು ಹೀಮ್, ಅಂದರೆ ನಡುವೆ ಕಬ್ಬಿಣವಿರುವ ಚಪ್ಪಟೆ ಭಾಗ. ಆಕ್ಸಿಜನ್ ಇಲ್ಲದಾಗ ಕಬ್ಬಿಣದ ಪರಮಾಣು ಹೀಮ್‌ನ ಸಮತಲದಿಂದ ಸುಮಾರು 0.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಆಚೆ ಇರುತ್ತದೆ. ಆಕ್ಸಿಜನ್ ಬಂದು ಕೂತಾಗ ಅದು ಸಮತಲದೊಳಕ್ಕೆ ಬರುತ್ತದೆ. ತನಗೆ ಅಂಟಿದ ಹಿಸ್ಟಿಡಿನ್ ಅನ್ನೂ (ಸರಪಳಿಯ ಒಂದು ಅಮೈನೊ ಆಮ್ಲ) ಎಳೆದು ತರುತ್ತದೆ. ಈ ಎಳೆತ ಒಂದರಿಂದೊಂದಕ್ಕೆ ದಾಟಿ, ಕೊನೆಗೆ ಒಂದು ಆಲ್ಫಾ-ಬೀಟಾ ಜೋಡಿ ಇನ್ನೊಂದು ಜೋಡಿಗೆ ಹೋಲಿಸಿದರೆ ಸುಮಾರು 15 ಡಿಗ್ರಿ ತಿರುಗುತ್ತದೆ. ಇಡೀ ಕಥೆಯೇ ಈ 15 ಡಿಗ್ರಿ. ನಿಮ್ಮ ಕ್ಯಾಮೆರಾ ಅರ್ಧ ಸೆಕೆಂಡಿನಲ್ಲೇ ಅದಕ್ಕಿಂತ ಜಾಸ್ತಿ ತಿರುಗಿಬಿಡುತ್ತದೆ. ಯಾವುದು ಅಣುವಿನ ಚಲನೆ, ಯಾವುದು ನಮ್ಮದು ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದೇ ಕಡೆ ನಿಂತು ನೋಡಿದವರಿಗೆ ಆನೆಯ ಹೆಜ್ಜೆಗೆ ಅಂಬಾರಿ ತೂಗುವುದು ಕಾಣುತ್ತದೆ. ಮೊಬೈಲ್ ಹಿಡಿದು ಪಕ್ಕದಲ್ಲೇ ಓಡಿದವರ ವಿಡಿಯೊದಲ್ಲಿ ಅದು ಸಿಗುವುದಿಲ್ಲ. ಹಾಗೇ ಇದು. ಅಣು ಅಲುಗುವಾಗ ಕ್ಯಾಮೆರಾ ನಿಲ್ಲಲಿ. ಕ್ಯಾಮೆರಾ ಸಾಗುವಾಗ ಅಣು ಸುಮ್ನೆ ಇರಲಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಪೂರ್ತಿ ಅಣು, ನಾಲ್ಕು ಸರಪಳಿ, ಮೂರು ಸೆಕೆಂಡ್. ಆಳ ಕಾಣಬೇಕು ಅಂತ ನೀವು ಸುತ್ತು ಹೊಡೆಸಿದ್ದೀರಿ, ಅದು ಅರ್ಥವಾಗುತ್ತದೆ. ಅದಕ್ಕೆ ಎಡಕ್ಕೆ 10, ಬಲಕ್ಕೆ 10 ಡಿಗ್ರಿ ನಿಧಾನವಾಗಿ ತೂಗಿದರೆ ಸಾಕು, ತೊಟ್ಟಿಲ ಹಾಗೆ. ಆಮೇಲೆ ಒಂದೇ ಒಂದು ಹೀಮ್ ಕಡೆಗೆ ಹೋಗಿ. ಹೋಗುತ್ತಾ ಉಳಿದ ಮೂರು ಸರಪಳಿಗಳನ್ನು ಮಸುಕು ಮಾಡಿ.

ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಹೀಮ್ ಮೇಲೆ ಒಂದು ಎಂಪ್ಟಿ (ವಿಡಿಯೊದಲ್ಲಿ ಕಾಣದ ಗುರುತು) ಇಟ್ಟು, ಕ್ಯಾಮೆರಾ ಸದಾ ಅದರತ್ತಲೇ ನೋಡುವಂತೆ ಟ್ರ್ಯಾಕ್ ಟು ಕೊಡಿ. ಡೆಪ್ತ್ ಆಫ್ ಫೀಲ್ಡ್‌ನ ಫೋಕಸ್ಸೂ ಅದೇ ಎಂಪ್ಟಿಗೆ ಇರಲಿ. ಗ್ರಾಫ್ ಎಡಿಟರ್‌ನಲ್ಲಿ ಕ್ಯಾಮೆರಾ ಚಲನೆಯ ಗೆರೆಯ ಕೊನೆಯ ಭಾಗವನ್ನು ಉದ್ದಕ್ಕೆ ಎಳೆದು ಮೆಲ್ಲಗೆ ನಿಲ್ಲುವಂತೆ ಮಾಡಿ. ಹತ್ತಿರ ಹೋದಾಗ ಮಾಡೆಲ್ ಕತ್ತರಿಸಿದಂತೆ ಕಂಡರೆ ಕ್ಲಿಪ್ ಸ್ಟಾರ್ಟ್ (ಇದಕ್ಕಿಂತ ಹತ್ತಿರ ಇದ್ದದ್ದನ್ನು ಕ್ಯಾಮೆರಾ ತೋರಿಸುವುದಿಲ್ಲ) ಕಡಿಮೆ ಮಾಡಿ.

ನಿಲ್ಲುವ ಜಾಗ ತುಂಬಾ ಮುಖ್ಯ. ಈಗ ನೀವು ಹೀಮ್ ಅನ್ನು ಮೇಲಿಂದ ತೋರಿಸಿದ್ದೀರಿ. ಮೇಲಿಂದ ನೋಡಿದರೆ ಕಬ್ಬಿಣ ಒಳಗೆ ಬಂದದ್ದು ಕಾಣುವುದೇ ಇಲ್ಲ. ತಟ್ಟೆಯ ಮೇಲಿರುವ ಗೋಲಿ ಎಷ್ಟು ಎತ್ತರದಲ್ಲಿದೆ ಅಂತ ನೋಡಲು ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತರುತ್ತೇವೆ, ಅಲ್ವಾ? ಹಾಗೇ ಪಕ್ಕದಿಂದ ನೋಡಿ. ಹೀಮ್ ಒಂದು ಗೆರೆಯಂತೆ ಕಾಣಬೇಕು. ಕಬ್ಬಿಣ ಆ ಗೆರೆಯೊಳಗೆ ಇಳಿಯುವುದು ಆಗ ಹಿಂದಿನ ಬೆಂಚಿನವರಿಗೂ ಕಾಣುತ್ತದೆ.

ನಿಂತ ಕೂಡಲೇ ಆಕ್ಸಿಜನ್ ಬಿಡಬೇಡಿ. ಕಣ್ಣು ಹೊಸ ಜಾಗಕ್ಕೆ ಹೊರಡುವುದಕ್ಕೇ ಸುಮಾರು 0.2 ಸೆಕೆಂಡ್ ಬೇಕು. ಅಲ್ಲಿ ಏನಿದೆ ಅಂತ ಗುರುತಿಸಲು ಇನ್ನೂ ಸ್ವಲ್ಪ ಬೇಕು. 25 ಫ್ರೇಮ್, ಅಂದರೆ ಸುಮಾರು ಒಂದು ಸೆಕೆಂಡ್ ಖಾಲಿ ಬಿಡಿ. ಹಿಂದೊಮ್ಮೆ ಮೈಸೂರಿನ ಒಂದು ವಿಜ್ಞಾನ ಪ್ರದರ್ಶನದಲ್ಲಿ ನನ್ನ ಡಿಎನ್‌ಎ ವಿಡಿಯೊ ಹಾಕಿದ್ದರು. ನಾನು ಪರದೆ ಬಿಟ್ಟು ಜನರ ಮುಖವನ್ನೇ ನೋಡುತ್ತಾ ನಿಂತಿದ್ದೆ. ಕ್ಯಾಮೆರಾ ನಿಂತ ಕ್ಷಣ ಮಕ್ಕಳು ಮುಂದಕ್ಕೆ ಬಾಗಿದರು. ಅಂದಿನಿಂದ ಈ ಒಂದು ಸೆಕೆಂಡನ್ನು ನಾನು ಎಲ್ಲೂ ಕತ್ತರಿಸಿಲ್ಲ. ಹೆಸರಿನ ಲೇಬಲ್ ಕೂಡ ಆ ನಿಂತ ಹೊತ್ತಿನಲ್ಲೇ ಬರಲಿ.

ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಬೇರೆ ಕಡೆಯಿಂದ ಹೊರಬಂದರೆ ಯಾವ ಸರಪಳಿಯೊಳಗೆ ಇದ್ದೆವು ಅನ್ನುವುದೇ ತಪ್ಪಿಹೋಗುತ್ತದೆ. ಪೂರ್ತಿ ಅಣು ಕಂಡಮೇಲೆ ಕ್ಯಾಮೆರಾ ಲಾಕ್ ಮಾಡಿ, ಆಗ ಆ 15 ಡಿಗ್ರಿ ತೋರಿಸಿ.

ಇಲ್ಲಿ ಇನ್ನೊಂದು ತೊಂದರೆ ಇದೆ. ನಿಮ್ಮ ವಿಡಿಯೊದಲ್ಲಿ ಎರಡೂ ಜೋಡಿ ಅಲುಗುತ್ತವೆ. ಆಕ್ಸಿಜನ್ ಇಲ್ಲದ್ದಕ್ಕೆ 2ಎಚ್‌ಎಚ್‌ಬಿ, ಇರುವುದಕ್ಕೆ 1ಎಚ್‌ಎಚ್‌ಒ ಎಂಬ ಅಣುರಚನೆಯ ಫೈಲ್ ಬಳಸಿದ್ದೇನೆ ಅಂದಿರಿ. ಎರಡನೆಯ ಫೈಲಿನಲ್ಲಿ ಇರುವುದು ಒಂದೇ ಆಲ್ಫಾ-ಬೀಟಾ ಜೋಡಿ. ಅದರದೇ ಬಯೊಲಾಜಿಕಲ್ ಅಸೆಂಬ್ಲಿ (ಪೂರ್ತಿ ಅಣುವಿನ ರೂಪ) ತೆಗೆದುಕೊಂಡರೆ ನಾಲ್ಕೂ ಸರಪಳಿ ಸಿಗುತ್ತವೆ. ಅದನ್ನು ಕೈಮೀರಾ ಎಕ್ಸ್ ಎಂಬ ಅಣುರಚನೆ ನೋಡುವ ತಂತ್ರಾಂಶದಲ್ಲಿ ತೆರೆದು, ಎರಡು ಮಾಡೆಲ್‌ಗಳನ್ನು ಒಂದು ಜೋಡಿಯ ಮೇಲೆ ಮಾತ್ರ ಹೊಂದಿಸಿ. ಆಗ ಒಂದು ಜೋಡಿ ಕದಲದೆ ನಿಂತು, ಇನ್ನೊಂದು ತಿರುಗುವುದು ಸ್ಪಷ್ಟವಾಗಿ ಕಾಣುತ್ತದೆ.

ಮತ್ತೆ ಮಾಡಿದಾಗ ಮೊದಲು ಧ್ವನಿ ಇಲ್ಲದೆ ಒಬ್ಬ ಹುಡುಗನಿಗೋ ಹುಡುಗಿಗೋ ತೋರಿಸಿ. ಕ್ಯಾಮೆರಾ ನಿಂತ ಕಡೆ ವಿಡಿಯೊ ತಡೆದು ನಿಲ್ಲಿಸಿ, ಈಗ ಎಲ್ಲಿ ನೋಡುತ್ತಿದ್ದೆ, ಬೆರಳಿಡು ಅನ್ನಿ. ಬೆರಳು ಕಬ್ಬಿಣದ ಮೇಲೆ ಬೀಳದಿದ್ದರೆ ಬ್ಲೆಂಡ್ ಫೈಲ್ ಇಲ್ಲೇ ಹಾಕಿ. ಭಾನುವಾರ ಬಿಡುವಿದೆ, ಕೂತು ನೋಡುತ್ತೇನೆ.