ಸಕ್ಕರೆ ರಿಪೋರ್ಟ್ ಸಂಜೆಗೇ ಬರುತ್ತೆ, ಕ್ರೋಮೋಸೋಮ್ ರಿಪೋರ್ಟ್‌ಗೆ ಯಾಕಿಷ್ಟು ದಿನ?

ಪ್ರಶ್ನೆ: ನಮ್ಮ ವೈನಿಗೆ ಮೂರು ಸಲ ಗರ್ಭ ನಿಲ್ಲಲಿಲ್ಲ. ಕಲಬುರಗಿಯ ಡಾಕ್ಟರು ಕ್ರೋಮೋಸೋಮ್ ಟೆಸ್ಟ್ ಬರೆದು ರಕ್ತ ಬೆಂಗಳೂರಿಗೆ ಕಳಿಸಿದರು. ವಾರದ ಮೇಲೆ ‘ಸೆಲ್ ಬೆಳೆದಿಲ್ಲ’ ಅಂತ ಮತ್ತೆ ರಕ್ತ ತೆಗೆದರು. ಮೂರು ವಾರ ಕಾದ ಮೇಲೆ ಈಗ ‘46, ಎಕ್ಸ್‌ಎಕ್ಸ್’ ಅಂತ ಬಂದಿದೆ. ಇಷ್ಟು ದಿನ ಯಾಕೆ? ಅಣ್ಣನ ರಕ್ತವೂ ಬೇಕಂತೆ, ಅವನಿಗೇನಾಗಿದೆ ಅಂತ ಅವ್ವ ಕೇಳ್ತಾಳೆ.
— ಓದುಗಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಸಕ್ಕರೆ ರಕ್ತದಲ್ಲಿ ಕರಗಿಯೇ ಇರುತ್ತದೆ, ಅಳೆದರೆ ಮುಗಿಯಿತು. ಕ್ರೋಮೋಸೋಮ್ ಹಾಗಲ್ಲ ತಂಗಿ. ಜೀವಕೋಶ ಒಂದು ಎರಡಾಗುವ ಹೊತ್ತಿನಲ್ಲಷ್ಟೇ ಅದು ಎಣಿಕೆಗೆ ಸಿಗುತ್ತದೆ.

ಗುಳೆ ಹೊರಟ ಮನೆ ನೋಡಿರ್ತೀರಿ, ಅಲ್ವಾ? ಇರುವಷ್ಟು ದಿನ ಕೌದಿ ಒಂದು ಕಡೆ, ಹಂಚು ಒಂದು ಕಡೆ, ಕೊಡ ಇನ್ನೊಂದು ಕಡೆ. ಬಸ್ಸು ಹಿಡಿಯುವ ದಿನ ಎಲ್ಲ ಗಂಟು ಕಟ್ಟುತ್ತಾರೆ, ಆಗಲೇ ‘ಎಷ್ಟು ಗಂಟಾಯ್ತು’ ಅಂತ ಎಣಿಸಲು ಬರುವುದು. ಕೋಶದೊಳಗೂ ಹೀಗೇ. ತಂದೆತಾಯಿಯ ಗುಣಗಳನ್ನು ಮಗುವಿಗೆ ಒಯ್ಯುವ ಪದಾರ್ಥ ಡಿಎನ್‌ಎ; ಒಂದೇ ಕೋಶದ ಡಿಎನ್‌ಎ ಎಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿದ್ದರೂ, ದಿನನಿತ್ಯದ ಕೆಲಸದಲ್ಲಿ ಅದು ಸಡಿಲವಾಗಿ ಹರಡಿರುತ್ತದೆ. ಎರಡಾಗುವ ಮೊದಲು ಪ್ರತಿ ಎಳೆಗೂ ನಕಲು ತಯಾರಾಗಬೇಕು, ಅದಕ್ಕೇ ಸುಮಾರು 8 ಗಂಟೆ. ಆಮೇಲೆ ಬಿಗಿಯಾಗಿ ಸುತ್ತಿ 46 ಗಂಟಾಗುತ್ತದೆ, ಒಂದೊಂದು ಗಂಟೂ ಒಂದು ಕ್ರೋಮೋಸೋಮ್. ಪುಸ್ತಕದಲ್ಲಿರುವ ಎಕ್ಸ್ ಆಕಾರದ ಚಿತ್ರ ಈ ಹೊತ್ತಿನದು, ಎರಡು ನಕಲುಗಳು ಸೆಂಟ್ರೋಮಿಯರ್ ಎಂಬ ಜೋಡಣೆಯ ಜಾಗದ ಹತ್ತಿರ ಅಂಟಿಕೊಂಡಿರುತ್ತವೆ. (ರಿಪೋರ್ಟಿನ ‘ಎಕ್ಸ್‌ಎಕ್ಸ್’ ಬೇರೆ, ಅದು ಹೆಣ್ಣಿನ ಎರಡು ಲಿಂಗ ಕ್ರೋಮೋಸೋಮ್‌ಗಳ ಹೆಸರು.) ಬೆಳೆಯುವ ಕೋಶದ ಸುಮಾರು 24 ಗಂಟೆಯ ಚಕ್ರದಲ್ಲಿ ಈ ವಿಭಜನೆಗೆ ಸಿಗುವುದು ಒಂದು ಗಂಟೆಯಷ್ಟೇ.

ರಕ್ತದ ಕೆಂಪು ಕಣಕ್ಕೆ ಈ ಡಿಎನ್‌ಎ ಇರುವ ನ್ಯೂಕ್ಲಿಯಸ್ಸೇ ಇಲ್ಲ. ಲಿಂಫೋಸೈಟ್ ಎಂಬ ಬಿಳಿ ಕಣಗಳಿವೆ, ಆದರೆ ಅವು ವಿಭಜನೆಯ ಗೊಡವೆಯಿಲ್ಲದೆ ಸುಮ್ನೆ ಇರುತ್ತವೆ. ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಪಿಎಚ್‌ಎ ಎಂಬ ಪದಾರ್ಥ ಹಾಕಿ ಅವನ್ನು ಎಬ್ಬಿಸುತ್ತಾರೆ. 37 ಡಿಗ್ರಿ ಶಾಖದಲ್ಲಿ ಸುಮಾರು 72 ಗಂಟೆ ಬೆಳೆಸಿ, ಕೊಲ್ಚಿಸಿನ್ ತರಹದ ಔಷಧಿಯಿಂದ ಸರಿಯಾಗಿ ಗಂಟು ಕಟ್ಟಿದ ಹೊತ್ತಿಗೇ ತಡೆದು ನಿಲ್ಲಿಸಿ, ಉಪ್ಪಿನಂಶ ಕಮ್ಮಿ ಇರುವ ನೀರಿನಲ್ಲಿ ಕೋಶವನ್ನು ಉಬ್ಬಿಸುತ್ತಾರೆ. ಆಗ ಗಂಟುಗಳು ಬಿಡಿಬಿಡಿಯಾಗುತ್ತವೆ. ಗಾಜಿನ ಮೇಲೆ ಹನಿ ಬಿಟ್ಟು ಬಣ್ಣ ಹಾಕಿದರೆ ಪಟ್ಟೆ ಪಟ್ಟೆ ಕಾಣುತ್ತದೆ. ಸಾಮಾನ್ಯವಾಗಿ 20 ಕೋಶಗಳನ್ನು ಒಂದೊಂದಾಗಿ ನೋಡುತ್ತಾರೆ, ಯಂತ್ರ ಇದ್ದರೂ ಕೊನೆಗೆ ಕಣ್ಣೇ ಬೇಕು. ಹೀಗೆ ಬಿಡಿಸಿ ನೋಡುವುದು ಕಲಿಯುವವರೆಗೆ ವಿಜ್ಞಾನಿಗಳೇ ಮನುಷ್ಯನಿಗೆ 48 ಅಂತ ನಂಬಿದ್ದರು. 46 ಅಂತ ತ್ಜಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ತೋರಿಸಿದ್ದು 1956ರಲ್ಲಿ.

‘ಸೆಲ್ ಬೆಳೆದಿಲ್ಲ’ ಅಂದರೆ ವೈನಿಯ ರಕ್ತ ಕೆಟ್ಟಿದೆ ಅಂತ ಅಲ್ಲ. ಕಣಗಳು ಜೀವಂತವಾಗಿ ಲ್ಯಾಬ್ ಮುಟ್ಟಬೇಕು. ಅದಕ್ಕೇ ಹಸಿರು ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬ್. ನಮ್ಮ ಬಿಸಿಲಲ್ಲಿ ಡಬ್ಬಿ ಕಾದರೂ, ದಾರಿಯಲ್ಲಿ ದಿನ ಜಾಸ್ತಿಯಾದರೂ ಅವು ಸಾಯಬಹುದು.

ಇನ್ನು ಅಣ್ಣನ ವಿಷಯ, ಇದನ್ನು ಅವ್ವನಿಗೆ ಓದಿ ಹೇಳಿ. ಮಗುವಿಗೆ 23 ತಾಯಿಯಿಂದ, 23 ತಂದೆಯಿಂದ. ಕೆಲವರಲ್ಲಿ ಎರಡು ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿರುತ್ತದೆ. ಏನೂ ಕಳೆದಿಲ್ಲವಾದ್ದರಿಂದ ಅವರು ಆರಾಮಾಗೇ ಇರುತ್ತಾರೆ, ಆದರೆ ಮಗುವಿಗೆ ಹಂಚಿಕೆ ಹೆಚ್ಚುಕಮ್ಮಿಯಾಗಿ ಗರ್ಭ ನಿಲ್ಲದೆ ಹೋಗಬಹುದು. ಮತ್ತೆ ಮತ್ತೆ ಹೀಗಾಗುವ 100 ಜೋಡಿಗಳಲ್ಲಿ ಸುಮಾರು 2ರಿಂದ 5 ಜೋಡಿಯಲ್ಲಿ ಇದು ಸಿಗುತ್ತದೆ, ಗಂಡನಲ್ಲೂ ಇರಬಹುದು, ಹೆಂಡತಿಯಲ್ಲೂ. ಪಟ್ಟೆಗಳಲ್ಲೂ ಏರುಪೇರು ಕಾಣದಿದ್ದರೇ ಬರೀ ‘46, ಎಕ್ಸ್‌ಎಕ್ಸ್’ ಅಂತ ಬರೆಯುವುದು, ಅಂದರೆ ವೈನಿಯದು ಸರಿಯಾಗಿದೆ. ಅಣ್ಣನದು ಬಂದ ಮೇಲೆ ಎರಡೂ ರಿಪೋರ್ಟ್ ಹಿಡಿದು, ಇಬ್ಬರೂ ಕೂಡಿಯೇ ಡಾಕ್ಟರ ಹತ್ತಿರ ಹೋಗಲಿ.