35 ಜನ, ಎರಡು ಒಲೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಮನೆ ಕೋಲಾರ ಟೌನಿನಲ್ಲಿ. ಪ್ರತಿ ವರ್ಷ ಕ್ರಿಸ್‌ಮಸ್ ಊಟ ದೊಡ್ಡಮ್ಮನ ಮನೆಯಲ್ಲಿ ಆಗುತ್ತಿತ್ತು. ಅವರಿಗೆ ಈಗ ಮಂಡಿನೋವು. ಹಾಗಾಗಿ ಈ ಸಲ ನಮ್ಮ ಪಾಲಿಗೆ ಬಂದಿದೆ. ಬೆಂಗಳೂರಿನ ನೆಂಟರು, ಅಕ್ಕಪಕ್ಕದವರು ಎಲ್ಲಾ ಸೇರಿ 35 ಜನ. ಅದರಲ್ಲಿ 10 ಜನ ಮಾಂಸ ತಿನ್ನುವುದಿಲ್ಲ. ಸಾಲಾಗಿ ಕೂರಿಸಿ ಬಡಿಸಲು ಜಾಗ ಇಲ್ಲ, ಅದಕ್ಕೆ ಬಫೆ ಇಡೋಣ ಅಂತಿದ್ದೇನೆ. ಇರುವುದು ಎರಡು ಬರ್ನರಿನ ಒಲೆ, ಒಂದು ಫ್ರಿಜ್. ಮೆನು ಹೀಗಿದೆ: ಮಟನ್ ಬಿರಿಯಾನಿ, ಚಿಕನ್ ಗ್ರೇವಿ, ಕಬಾಬ್, ಮೀನು ಫ್ರೈ, ಪೂರಿ, ಸಾಗು, ಗೋಬಿ ಮಂಚೂರಿ, ತರಕಾರಿ ಪಲಾವ್, ಅನ್ನ, ಸಾರು, ಮೊಸರು ಬಜ್ಜಿ, ಕಸ್ಟರ್ಡ್, ಪಾಯಸ, ಕೇಕ್. ಇಷ್ಟು ಸಾಕಾ, ಇನ್ನೇನಾದರೂ ಸೇರಿಸಬೇಕಾ? 24ರ ರಾತ್ರಿ ಆರಾಧನೆಗೂ ಹೋಗಬೇಕು.
— ಓದುಗರು, ಕೋಲಾರ

ಉತ್ತರ: ಅಯ್ಯೋ ತಂಗಿ, ಸೇರಿಸುವ ಮಾತು ಆಮೇಲೆ. ಮೊದಲು ಪೆನ್ನು ತಗೊಳ್ಳಿ. ಹದಿನಾಲ್ಕು ಬರೆದಿದ್ದೀರಿ, ನಾನು ಏಳು ಹೊಡೆದುಹಾಕಿದ್ದೇನೆ. ಕಬಾಬ್, ಮೀನು, ಪೂರಿ, ಗೋಬಿ ನಾಲ್ಕೂ ಬಿಸಿ ಎಣ್ಣೆಯಿಂದ ನೇರ ತಟ್ಟೆಗೆ ಬಂದರೇನೇ ರುಚಿ. 35 ಜನಕ್ಕೆ ತಲಾ ಮೂರು ಪೂರಿ ಅಂದರೆ ನೂರಕ್ಕೂ ಜಾಸ್ತಿ. ಎಲ್ಲರೂ ಹಾಲ್‌ನಲ್ಲಿ ನಗುತ್ತಿರುತ್ತಾರೆ, ನೀವು ಬಾಣಲೆ ಮುಂದೆ ಬೆವರುತ್ತಿರುತ್ತೀರಿ. ಪೂರಿ ಹೋದ ಮೇಲೆ ಸಾಗು ಯಾಕೆ? ಕೇಕ್ ಇರುವಾಗ ಕಸ್ಟರ್ಡೂ ಬೇಡ, ಪಾಯಸವೂ ಬೇಡ.

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ, ಗಣಿ ಕಾಲೋನಿಯಲ್ಲಿ. ನಮ್ಮ ಹಿಂದಿನ ಸಾಲಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬ ಇತ್ತು. ಹಬ್ಬಕ್ಕೆ ಎಷ್ಟೇ ಜನ ಬರಲಿ, ಆ ಆಂಟಿ ಮಾಡುತ್ತಿದ್ದದ್ದು ಮೂರೇ: ತೆಂಗಿನಹಾಲಿನ ಹಳದಿ ಅನ್ನ, ಕೈಮಾ ಉಂಡೆ ಹಾಕಿದ ಬಾಲ್ ಕರಿ, ಡೆವಿಲ್ ಚಟ್ನಿ. ಅವರ ಮನೆಯಲ್ಲಿ ಊಟ ಕಮ್ಮಿ ಆಯಿತು ಅಂತ ಯಾರೂ ಅಂದದ್ದು ನೆನಪಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರೂ ಊರು ಬಿಟ್ಟರು. ಚಟ್ನಿ ಮಾತ್ರ ನನ್ನ ಹತ್ತಿರ ಉಳಿದುಕೊಂಡಿತು. ಸೇರಿಸಬೇಕಾ ಅಂತ ಕೇಳಿದಿರಲ್ಲ, ಇದೊಂದನ್ನು ಸೇರಿಸಿ. ಹಸಿ ಈರುಳ್ಳಿ, ನೆನೆಸಿದ ಒಣಮೆಣಸಿನಕಾಯಿ, ಒಂದು ಹಿಡಿ ಒಣದ್ರಾಕ್ಷಿ, ಸಕ್ಕರೆ, ಉಪ್ಪು, ವಿನಿಗರ್. ಎಲ್ಲಾ ಸೇರಿಸಿ ಮಿಕ್ಸಿಗೆ ಹಾಕಿ. ಒಲೆಯೇ ಬೇಡ.

ಸಾರು ಅಂತ ಸುಮ್ನೆ ಬರೆದಿದ್ದೀರಿ. ಡಿಸೆಂಬರಿನಲ್ಲಿ ಕೋಲಾರದಲ್ಲಿದ್ದುಕೊಂಡು ಬೇರೆ ಸಾರು ಯಾಕೆ ಮಾಡುತ್ತೀರಿ? ಸೊಗಡಿನ ಅವರೆಕಾಯಿ ಬಂದಿರುತ್ತದೆ. 4 ಕೆಜಿ ಕಾಯಿ ತಂದು ಹಿತಕಿದ ಬೇಳೆ ಸಾರು ಮಾಡಿ. 23ರ ರಾತ್ರಿ ಕಾಳು ನೆನೆಹಾಕಿ. 24ರ ಬೆಳಿಗ್ಗೆ ಮನೆಯಲ್ಲಿರುವ ಎಲ್ಲರನ್ನೂ ಪರಾತದ ಸುತ್ತ ಕೂರಿಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿತುಕಿದರೆ ಬೇಳೆ ಚಕ್ಕನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮಕ್ಕಳು ಹಿತುಕಿದ್ದರಲ್ಲಿ ಕಾಲುಭಾಗ ಸೋಫಾ ಕೆಳಗೆ ಸಿಗುತ್ತದೆ, ಇರಲಿ. ಹಿತುಕಿದ ಬೇಳೆಯನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮಾಂಸ ತಿನ್ನದ ನಿಮ್ಮ 10 ಜನಕ್ಕೆ ಇದೇ ಹಬ್ಬದ ಊಟ. ಉಳಿದವರೂ ಇದಕ್ಕೆ ಕೈ ಹಾಕುತ್ತಾರೆ, ಬರೆದಿಟ್ಟುಕೊಳ್ಳಿ. ಮುದ್ದೆ ಬೇಕು ಅಂತ ಯಾರಾದರೂ ಕೇಳಿದರೆ ಇನ್ನೊಂದು ದಿನ ಬನ್ನಿ ಅನ್ನಿ. ನಿಂತುಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು ಮುದ್ದೆ ನುಂಗಲು ಆಗುತ್ತದಾ?

ಅಳತೆ ಹೇಳುತ್ತೇನೆ. ಬಿರಿಯಾನಿಗೆ 3 ಕೆಜಿ ಅಕ್ಕಿ, 3 ಕೆಜಿ ಮಟನ್. ಚಿಕನ್ ಎರಡೂವರೆ ಕೆಜಿ. ಪಲಾವ್‌ಗೆ 1 ಕೆಜಿ ಅಕ್ಕಿ, ಬಿಳಿ ಅನ್ನಕ್ಕೆ ಇನ್ನೊಂದು ಕೆಜಿ. ಮಟನ್ ಅಂಗಡಿಯವರಿಗೆ ಎರಡು ದಿನ ಮೊದಲೇ ಹೇಳಿಡಿ. 24ರಂದು ಅಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ.

ಈಗ ನಿಜವಾದ ತಲೆನೋವು. ಆರಾಧನೆ ಮುಗಿಸಿ ಮನೆಗೆ ಬಂದು ಮಲಗುವಾಗ ಎರಡು ಗಂಟೆ. ಬೆಳಿಗ್ಗೆ ಅಡುಗೆ ಮಾಡುವವರು ನಿದ್ದೆಗೆಟ್ಟವರು ಅಂತಲೇ ಲೆಕ್ಕ ಹಾಕಬೇಕು. ಆದ್ದರಿಂದ ಮಟನ್ ಮಸಾಲೆಯನ್ನೂ ಚಿಕನ್ ಗ್ರೇವಿಯನ್ನೂ 24ರ ಮಧ್ಯಾಹ್ನವೇ ಬೇಯಿಸಿ ಮುಗಿಸಿ. ಸಂಜೆಗೆ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಮದುವೆಯಾದ ಮೊದಲ ಕ್ರಿಸ್‌ಮಸ್‌ಗೆ ನಾನೂ ಹೀಗೇ ಜಾಣತನ ಮಾಡಿದ್ದೆ. ಸಂಜೆ ಆರಕ್ಕೆ ದೊಡ್ಡ ತಪ್ಪಲೆ ತುಂಬ ತೆಂಗಿನಕಾಯಿ ಅರೆದು ಹಾಕಿದ ಚಿಕನ್ ಕುರ್ಮಾ ಮಾಡಿದೆ. ಬಿಸಿ ಬಿಸಿ ಇರುವಾಗಲೇ ತಟ್ಟೆ ಮುಚ್ಚಿ, ಸೀರೆ ಬದಲಿಸಿ ಚರ್ಚಿಗೆ ಹೋದೆ. ಚಳಿಗಾಲ ಅಲ್ವಾ, ಏನಾಗುತ್ತದೆ ಅಂದುಕೊಂಡೆ. ಬೆಳಿಗ್ಗೆ ತಟ್ಟೆ ತೆಗೆದರೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಹುಳಿ ವಾಸನೆ. ಚಳಿ ಇದ್ದದ್ದು ಹೊರಗೆ, ತಪ್ಪಲೆ ಒಳಗೆ ರಾತ್ರಿಯಿಡೀ ಉಗುರುಬೆಚ್ಚಗೆ ಇತ್ತು. 5ರಿಂದ 60 ಡಿಗ್ರಿ ಒಳಗಿನ ಆ ಬೆಚ್ಚಗೆಯಲ್ಲೇ ಕ್ರಿಮಿಗಳು ಹೆಚ್ಚುವುದು. ಕುರ್ಮಾ ಎಲ್ಲಾ ಗುಂಡಿಗೆ ಹೋಯಿತು. ಹೊಸ ಸೊಸೆ ಅಂತ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವತ್ತು ಎಲ್ಲರಿಗೂ ಮೊಟ್ಟೆ ಸಾರು.

ಬೇಯಿಸಿದ್ದನ್ನು ಮೂರ್ನಾಲ್ಕು ಅಗಲದ ಪಾತ್ರೆಗಳಿಗೆ ಹಂಚಿ. ಟಬ್‌ನಲ್ಲಿ ತಣ್ಣೀರು ಹಾಕಿ ಅದರಲ್ಲಿಟ್ಟು ಆಗಾಗ ಕೈಯಾಡಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಫ್ರಿಜ್‌ನಲ್ಲಿರುವ ನೀರಿನ ಬಾಟಲಿ, ಹಿಟ್ಟಿನ ಡಬ್ಬಿ ಎಲ್ಲಾ ಅವತ್ತಿಗೆ ಪಕ್ಕದ ಮನೆಗೆ ಹೋಗಲಿ. ತೆಂಗಿನಕಾಯಿ ಮಾತ್ರ ಮರುದಿನವೇ ಅರೆದು ಹಾಕಿ.

25ರ ಬೆಳಿಗ್ಗೆ ಎಂಟಕ್ಕೆ ಮೊದಲು ಒಲೆಗೆ ಏರುವುದು ಅವರೆಬೇಳೆ ಸಾರು, ಆಮೇಲೆ ಪಲಾವ್. ಮಾಂಸದ ಪಾತ್ರೆ ಅಡುಗೆಮನೆಗೆ ಬರುವ ಮೊದಲೇ ಇವೆರಡೂ ಮುಗಿದು ಬೇರೆ ಕಡೆ ಹೋಗಲಿ. ಪಕ್ಕದ ಮನೆಯವರು ಕೇಳುವುದಿಲ್ಲ, ಆದರೆ ಗಮನಿಸುತ್ತಾರೆ. ಬಿಳಿ ಅನ್ನ ಕುಕ್ಕರ್‌ನಲ್ಲಿ ಆಗುತ್ತದೆ. ಹತ್ತೂವರೆಯಿಂದ ಎರಡೂ ಬರ್ನರ್ ಬಿರಿಯಾನಿಗೆ. ಒಂದೇ ಪಾತ್ರೆಯಲ್ಲಿ 3 ಕೆಜಿ ಮಾಡುವ ಸಾಹಸ ಬೇಡ, ತಳ ಹಿಡಿಯುತ್ತದೆ. ಒಂದೂವರೆ ಕೆಜಿಯಂತೆ ಎರಡು ಪಾತ್ರೆ ಇಡಿ. ಮಸಾಲೆ ಚೆನ್ನಾಗಿ ಕುದಿಸಿ, ಮುಕ್ಕಾಲು ಬೆಂದ ಅನ್ನ ಹರಡಿ, ಕೆಳಗೆ ಹಳೆಯ ಕಾವಲಿ ಇಟ್ಟು ದಮ್ ಮಾಡಿ. ದಮ್ ಇಳಿಸಿದ ಮೇಲೆ ಖಾಲಿಯಾದ ಬರ್ನರ್‌ನಲ್ಲಿ ಗ್ರೇವಿ, ಸಾರು ಕುದಿಸಿ. ಸುಮ್ನೆ ಬೆಚ್ಚಗೆ ಮಾಡಿದರೆ ಸಾಲದು, ಕುದಿ ಬರಬೇಕು.

ಮೇಜನ್ನು ಗೋಡೆಗೆ ಒತ್ತಿ ಇಡಬೇಡಿ. ಎರಡೂ ಕಡೆ ಜನ ನಡೆದರೆ ಸಾಲು ಅರ್ಧ ಆಗುತ್ತದೆ. ತಟ್ಟೆ ಆರಂಭದಲ್ಲಿ, ಚಮಚ, ಟಿಶ್ಯೂ ಕೊನೆಯಲ್ಲಿ. ನೀರು ಮತ್ತು ಕೇಕ್ ಬೇರೆ ಮೂಲೆಯಲ್ಲಿ ಇರಲಿ, ಇಲ್ಲದಿದ್ದರೆ ಮಕ್ಕಳು ಅಲ್ಲೇ ಗುಂಪು ಕಟ್ಟುತ್ತಾರೆ. ಸಸ್ಯಾಹಾರಕ್ಕೆ ಬೇರೆ ಮೇಜು, ಬೇರೆ ಸೌಟು. ತೆಳು ಕಾಗದದ ತಟ್ಟೆ ಬಿರಿಯಾನಿ ಭಾರಕ್ಕೆ ಮಡಚಿಕೊಳ್ಳುತ್ತದೆ, ಅಡಿಕೆ ಹಾಳೆ ತಟ್ಟೆ ತನ್ನಿ. ಕುರ್ಚಿಗಳು ಶಾಮಿಯಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತವೆ.

ಬಿರಿಯಾನಿ ಹಿಂದೆ ಮಾತ್ರ ಒಬ್ಬರು ನಿಂತು ಬಡಿಸಲೇಬೇಕು. ಅವರವರೇ ಹಾಕಿಕೊಳ್ಳಿ ಅಂತ ಬಿಟ್ಟರೆ ಮೊದಲ ಹತ್ತು ಜನ ಪೀಸ್ ಹುಡುಕಿ ಹುಡುಕಿ ಹಾಕಿಕೊಳ್ಳುತ್ತಾರೆ, ಕೊನೆಯವರಿಗೆ ಕುಸ್ಕಾ. ದಾಕ್ಷಿಣ್ಯ ಇಲ್ಲದ ಒಬ್ಬ ತಮ್ಮನನ್ನು ನಿಲ್ಲಿಸಿ. ದೊಡ್ಡಮ್ಮನನ್ನೂ ವಯಸ್ಸಾದವರನ್ನೂ ಸಾಲಿನಲ್ಲಿ ನಿಲ್ಲಿಸಬೇಡಿ. ಕೂರಿಸಿ, ಮೊದಲು ಅವರಿಗೇ ಬಡಿಸಿ.

ಎಲ್ಲವನ್ನೂ ಒಟ್ಟಿಗೆ ಮೇಜಿಗೆ ತರಬೇಡಿ. ಒಂದು ಪಾತ್ರೆ ಬಿರಿಯಾನಿ ಮುಚ್ಚಿಕೊಂಡು ಒಳಗೇ ಇರಲಿ. ಮೊಸರು ಬಜ್ಜಿಗೆ ಈರುಳ್ಳಿ, ಉಪ್ಪು ಕೊನೆಯಲ್ಲಿ ಬೆರೆಸಿ. ಮೇಜಿನ ಮೇಲೆ ಎರಡು ಗಂಟೆ ದಾಟಿದ್ದನ್ನು ರಾತ್ರಿಗೆ ಅಂತ ಎತ್ತಿಡಬೇಡಿ. ಬೆಂಗಳೂರಿನವರಿಗೆ ಡಬ್ಬಿ ಕಟ್ಟುವುದಾದರೆ ಒಳಗೆ ಬಿಸಿಯಾಗಿ ಉಳಿದದ್ದರಿಂದ ಕಟ್ಟಿ, ಮನೆಗೆ ಹೋದ ತಕ್ಷಣ ಫ್ರಿಜ್‌ಗೆ ಇಡಲು ಹೇಳಿ.

ಪ್ರಶ್ನೆ: ರಮ್ ಇಲ್ಲದೆ ಪ್ಲಮ್ ಕೇಕ್ ಮಾಡಬೇಕು. ಒಣಹಣ್ಣುಗಳನ್ನು ಈಗಲೇ ಜ್ಯೂಸ್‌ನಲ್ಲಿ ನೆನೆಸಿಟ್ಟರೆ ತಿಂಗಳು ಇರುತ್ತದಾ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಇರುವುದಿಲ್ಲ. ರಮ್‌ನಲ್ಲಾದರೆ ಮದ್ಯವೇ ಹಣ್ಣನ್ನು ಕಾಯುತ್ತದೆ, ಜ್ಯೂಸ್ ಹುಳಿಯುತ್ತದೆ. ಕಿತ್ತಳೆ ರಸ ಅಥವಾ ನಿಮ್ಮೂರಿನ ಕಪ್ಪು ದ್ರಾಕ್ಷಿ ರಸದಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿ ನೆನೆಸಿದರೆ ಸಾಕು. ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಾಗ ಉರಿ ಆರಿಸಿ, ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ. ಸಿಡಿಯುತ್ತದೆ, ಮುಖ ದೂರ ಇರಲಿ.

ಪ್ರಶ್ನೆ: ರೋಸ್ ಕುಕ್ಕಿ ಅಚ್ಚು ಬಿಟ್ಟು ಬರುತ್ತಲೇ ಇಲ್ಲ. ಏನು ತಪ್ಪು?
— ಓದುಗರು, ತುಮಕೂರು

ಉತ್ತರ: ಅಚ್ಚು ಕಾದಿರುವುದಿಲ್ಲ, ಅಥವಾ ಪೂರ್ತಿ ಮುಳುಗಿಸುತ್ತೀರಿ. ಹೊಸ ಅಚ್ಚಾದರೆ ಒಂದು ರಾತ್ರಿ ಎಣ್ಣೆಯಲ್ಲೇ ಬಿಡಿ. ಪ್ರತಿ ಸಲವೂ ಬಿಸಿ ಎಣ್ಣೆಯಲ್ಲಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಹಿಟ್ಟು ಅಚ್ಚಿನ ಮೇಲಂಚು ದಾಟಿದರೆ ಅಲ್ಲಿಗೆ ಬೀಗ ಬಿದ್ದ ಹಾಗೆ. ಸಕ್ಕರೆ ಜಾಸ್ತಿಯಾದರೂ ಅಂಟುತ್ತದೆ. ಮೊದಲ ಎರಡು ಮೂರು ಹೇಗೂ ಕೆಡುತ್ತವೆ, ಅವನ್ನು ನೀವೇ ತಿನ್ನಿ.