ನಡುವಿನ ಮೂವತ್ತು ವರ್ಷ ಎಲ್ಲಿ?

ನಮಸ್ಕಾರ.

ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಎಷ್ಟು ಚೆನ್ನಾಗಿದೆ ಅಂದರೆ, ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ.

ಮೊದಲ ಒಂದೂವರೆ ಪುಟ ಬಿನ್ನವತ್ತಳೆ ಓದಿದ ಹಾಗಿದೆ. 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನನ, 16ನೇ ವಯಸ್ಸಿಗೇ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ ಜೊತೆ ಕಛೇರಿ, 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಎಲ್ಲ ಸರಿ, ಮನುಷ್ಯ ಮಾತ್ರ ಕಾಣುವುದಿಲ್ಲ. ಒಂದೇ ಒಂದು ಕಡೆ ಇಣುಕುತ್ತಾರೆ: ಗುರು ಆರ್ಟರ್ ಶ್ನಾಬೆಲ್ ಚಿಕ್ಕ ಹುಡುಗನನ್ನು ಶಿಷ್ಯನಾಗಿ ತೆಗೆದುಕೊಳ್ಳುವಾಗ ‘ಕಛೇರಿ ಕೊಡಬಾರದು’ ಅಂತ ಷರತ್ತು ಹಾಕಿದ ಜಾಗದಲ್ಲಿ. ಅದು ಇರಲಿ. ಶ್ನಾಬೆಲ್ ಗುರು ಯಾರು, ಅವರ ಗುರು ಯಾರು ಅಂತ ಬೀಥೋವನ್‌ವರೆಗೂ ಹತ್ತಿಕೊಂಡು ಹೋಗಿದ್ದೀರಲ್ಲ, ಅದಕ್ಕೆ ಎರಡು ಸಾಲು ಸಾಕು.

ಈಗ 1964ಕ್ಕೆ ಬರೋಣ. ‘ಅತಿಯಾದ ಅಭ್ಯಾಸದಿಂದ ಬಲಗೈಗೆ ಪಾರ್ಶ್ವವಾಯು ಹೊಡೆಯಿತು’ ಅಂತ ಬರೆದಿದ್ದೀರಿ. ಅದು ಪಾರ್ಶ್ವವಾಯು ಅಲ್ಲ, ಫೋಕಲ್ ಡಿಸ್ಟೋನಿಯಾ. ಕೈಯಲ್ಲಿ ಬಲ ಇರುತ್ತದೆ. ಮಿದುಳಿನಿಂದ ಬೆರಳಿಗೆ ಹೋಗುವ ಅಪ್ಪಣೆ ಎಡವಟ್ಟಾಗುತ್ತದೆ. ಫ್ಲೈಷರ್ ಅವರ ಉಂಗುರದ ಬೆರಳು, ಕಿರುಬೆರಳು ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳುತ್ತಿದ್ದವು. ಪಿಯಾನೋದಲ್ಲಿ ಮೇಲಿನ ಸ್ವರಗಳ ಟ್ಯೂನ್ ಎತ್ತಿ ಹಿಡಿಯುವುದು ಹೆಚ್ಚಾಗಿ ಬಲಗೈಯ ಈ ಎರಡು ಬೆರಳೇ. ವಯಸ್ಸು 36, ಸೋವಿಯತ್ ಒಕ್ಕೂಟದ ಪ್ರವಾಸ ಎದುರಿಗಿತ್ತು. ಇಷ್ಟೆಲ್ಲ ಇರುವಾಗ ನೀವು ‘ಸುಮಾರು ಮೂವತ್ತು ವರ್ಷ ಎಡಗೈಯಲ್ಲೇ ನುಡಿಸಿದರು’ ಅಂತ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿರಿ. ನನಗೆ ಬೇಕಿರುವುದೇ ಆ ಮೂವತ್ತು ವರ್ಷ.

ಓದುಗರನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮವರು ಜಾಸ್ತಿ ನೋಡಿರುವುದು ಭಜನೆಯ ಹಾರ್ಮೋನಿಯಂ. ಅದರಲ್ಲಿ ಒಂದು ಕೈ ತಿದಿ ಒತ್ತುತ್ತದೆ, ಇನ್ನೊಂದೇ ಕೈ ಪೂರ್ತಿ ಹಾಡು ನುಡಿಸುತ್ತದೆ. ‘ಒಂದೇ ಕೈಯಲ್ಲಿ ನುಡಿಸಿದರು’ ಅಂದರೆ ‘ಅದರಲ್ಲೇನಿದೆ?’ ಅನ್ನುತ್ತಾರೆ, ಅಲ್ವಾ? ಹಾಗಾಗಿ ಫ್ರಾನ್ಸಿನ ಸಂಗೀತ ರಚನೆಕಾರ ರವೆಲ್ ಎಡಗೈಗೆಂದೇ ಬರೆದ ಕನ್ಚೆರ್ಟೋವನ್ನು (ಒಬ್ಬ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಹತ್ತಿರದಿಂದ ತೋರಿಸಿ. ಕಿರುಬೆರಳು ಕೆಳಗಿನ ಗಡಸು ಸ್ವರವನ್ನು ಹೊಡೆಯುತ್ತದೆ. ಆ ನಾದ ಆರದ ಹಾಗೆ ಕಾಲು ಪೆಡಲ್ ಒತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಕೈ ಪಿಯಾನೋದ ಕಪ್ಪು-ಬಿಳಿ ಮನೆಗಳ ಮೇಲೆ ಜಿಗಿದು ಬಲಕ್ಕೆ ಬಂದಾಗಿರುತ್ತದೆ, ಹೆಬ್ಬೆರಳು ಟ್ಯೂನ್ ಶುರು ಮಾಡಿರುತ್ತದೆ. ಎಡಗೈಯಲ್ಲಿ ಮೇಲಿನ ಸ್ವರದ ಕಡೆ ಬರುವುದು ಗಟ್ಟಿ ಬೆರಳಾದ ಹೆಬ್ಬೆರಳು, ಅದೇ ಇಲ್ಲಿನ ಉಪಾಯ. ಕಣ್ಣು ಮುಚ್ಚಿ ಕೇಳಿದರೆ ಎರಡು ಕೈ ಅನ್ನಿಸುತ್ತದೆ. ಇಷ್ಟು ಬರೆದರೆ ‘ಅದ್ಭುತ’ ಅನ್ನುವ ಪದವನ್ನು ಹೋದಲ್ಲೆಲ್ಲ ಚೆಲ್ಲುವ ಕೆಲಸವಿಲ್ಲ.

ಆ ಕನ್ಚೆರ್ಟೋ ಬರೆಸಿದ್ದು ಪೌಲ್ ವಿಟ್‌ಗೆನ್‌ಸ್ಟೈನ್, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ವಿಯೆನ್ನಾದ ವಾದಕ. ದುಡ್ಡಿದ್ದ ಮನೆತನ, ದೊಡ್ಡ ದೊಡ್ಡ ರಚನೆಕಾರರಿಂದ ಬರೆಸಿದರು. ಜರ್ಮನಿಯ ಹಿಂಡೆಮಿತ್ 1923ರಲ್ಲಿ ಬರೆದುಕೊಟ್ಟ ಕೃತಿಯನ್ನು ಮಾತ್ರ ವಿಟ್‌ಗೆನ್‌ಸ್ಟೈನ್ ನುಡಿಸಲೇ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಅವರ ಹೆಂಡತಿ ತೀರಿಕೊಂಡ ಮೇಲೆ ಹಸ್ತಪ್ರತಿ ಸಿಕ್ಕಿತು. 2004ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಮೊದಲ ಸಲ ನುಡಿಸಿದ್ದು ಇದೇ ಫ್ಲೈಷರ್! ಇಂಥದ್ದನ್ನು ಬಿಟ್ಟು ಪ್ರಶಸ್ತಿಗಳ ಪಟ್ಟಿ ಕೊಟ್ಟಿದ್ದೀರಲ್ಲ.

ಮೇಷ್ಟ್ರಾಗಿದ್ದನ್ನೂ ಹಾರಿಸಿದ್ದೀರಿ. ಬಾಲ್ಟಿಮೋರ್‌ನ ಪೀಬಾಡಿ ಸಂಸ್ಥೆಯಲ್ಲಿ 1959ರಿಂದ ಪಾಠ ಮಾಡಿದವರು ಅವರು. ಮೊದಲೆಲ್ಲ ಶಿಷ್ಯರನ್ನು ಪಕ್ಕಕ್ಕೆ ಸರಿಸಿ ತಾವೇ ನುಡಿಸಿ ತೋರಿಸುತ್ತಿದ್ದರು. ಕೈ ಹೋದ ಮೇಲೆ ಎಲ್ಲವನ್ನೂ ಮಾತಿನಲ್ಲೇ ಹೇಳಬೇಕಾಯಿತು. ಅದರಿಂದಲೇ ತಾನು ಒಳ್ಳೆಯ ಮೇಷ್ಟ್ರಾದೆ ಅನ್ನುವುದು ಅವರ ಲೆಕ್ಕ.

‘ಮನಸ್ಸಿದ್ದರೆ ಮಾರ್ಗ’ ಅನ್ನುವ ಕೊನೆಯ ಪ್ಯಾರಾ ದಯವಿಟ್ಟು ತೆಗೆಯಿರಿ. 1982ರಲ್ಲಿ ಬಾಲ್ಟಿಮೋರ್‌ನ ಹೊಸ ಸಭಾಂಗಣದ ಉದ್ಘಾಟನೆಗೆ ಫ್ಲೈಷರ್ ಎರಡೂ ಕೈಯಲ್ಲಿ ರಚನೆಕಾರ ಫ್ರಾಂಕ್ ಅವರ ಕೃತಿ ನುಡಿಸಿದರು. ಜನ ‘ಮರಳಿ ಬಂದರು’ ಅಂದುಕೊಂಡರು. ಕೈ ಸರಿಯಾಗಿರಲಿಲ್ಲ, ಮತ್ತೆ ಎಡಗೈಗೇ ಹೋದರು. ಮನಸ್ಸು ಆಗಲೂ ಇತ್ತಲ್ಲ? ತೊಂಬತ್ತರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಬಂದ ಮೇಲೆ ಬೆರಳು ಸಡಿಲವಾದವು ನಿಜ. ಆದರೆ ಅದು ವಾಸಿ ಮಾಡುವ ಔಷಧಿ ಅಲ್ಲ, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು. 2004ರ ‘ಟೂ ಹ್ಯಾಂಡ್ಸ್’ ಸಿ.ಡಿ.ಯನ್ನು ನೀವು ‘ಪವಾಡ’ ಅಂದಿದ್ದೀರಿ. ಅದರ ಹಿಂದೆ ಸೂಜಿ ಇತ್ತು ಅಂತಲೂ ಬರೆಯಿರಿ.

1964ರಿಂದಲೇ ಶುರು ಮಾಡಿ, 1500 ಪದದೊಳಗೆ ಬರೆದು ಕಳಿಸಿ. ಬಾಲ್ಯ ಬೇಕಾದಲ್ಲಿ ಮಧ್ಯೆ ಬರಲಿ. ಹಾಂ, ರವೆಲ್ ಹೆಸರನ್ನು ಒಂದೇ ಥರ ಬರೆಯಿರಿ. ನಿಮ್ಮ ಲೇಖನದಲ್ಲಿ ಅವರು ರಾವೆಲ್, ರೇವಲ್ ಎರಡೂ ಆಗಿದ್ದಾರೆ.

— ಸಂ.